ನಲವತ್ತೆರಡು ಡಬ್ಬಿಗಳ ನಾಮಕರಣ

ಮುಖ ಮುಚ್ಚಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ಓರೆಯಾದರೆ ಕ್ಷಮಿಸಿ.

ಕಂಪ್ಯೂಟರ್ ಪರದೆಯ ಮೇಲೆ ಡಬ್ಬಿಗಳನ್ನಿಟ್ಟು, ಗೆರೆ ಎಳೆದು ಜೋಡಿಸಿ, ಕೆಲಸ ತಾನಾಗಿ ನಡೆಯುವಂತೆ ಮಾಡುವುದು ನನ್ನ ಉದ್ಯೋಗ. ‘ಡಬ್ಬಿಗೆ ಅರ್ಥವಾಗುವ ಹೆಸರಿಡಿ, ಏನು ಮಾಡಿದಿರೆಂದು ಪಕ್ಕದಲ್ಲೇ ಚೀಟಿ ಬರೆದಿಡಿ’ ಎಂದು ಆಫೀಸಿನಲ್ಲಿ ದಿನವೂ ಉಪದೇಶ ಕೊಡುವ ಮಹಾನುಭಾವ ನಾನೇ.

ನನ್ನವಳದು ಹೊಲಿಗೆ ಅಂಗಡಿ. ಬಟ್ಟೆ ಸಿದ್ಧವಾದೊಡನೆ ಗಿರಾಕಿಗಳಿಗೆ ಸಂದೇಶ ಹೋಗುವ ಏರ್ಪಾಟನ್ನು ಮಾಡಿಕೊಟ್ಟಿದ್ದೆ. ಗಿರಾಕಿಗೊಂದು ಡಬ್ಬಿಯಂತೆ ನಲವತ್ತೆರಡು. ಗೆರೆಗಳೋ, ಬೆಕ್ಕು ಆಡಿಬಿಟ್ಟ ದಾರದುಂಡೆ. ಮೂಲೆಯಲ್ಲಿ ಯಾವುದಕ್ಕೂ ಜೋಡಿಸದ ಇನ್ನೊಂದು ಡಬ್ಬಿ. ಅದಕ್ಕೆ ನಾನೇ ಇಟ್ಟ ಹೆಸರು, ‘ಯಾಕಿದೆಯೋ ಗೊತ್ತಿಲ್ಲ ಮುಟ್ಟಬೇಡಿ’.

“ರೀ, ಇದರಲ್ಲಿ ಯಾರು ಯಾರು ಅಂತ ಒಂದೂ ತಿಳಿಯಲ್ಲ. ಒಂದೇ ಹೆಸರಿನವರು ಐದು ಜನ ಇದ್ದಾರೆ!”

“ಒಂದು ಗಂಟೆ ಕೊಡು, ಕನ್ನಡಿ ಥರ ಮಾಡ್ತೀನಿ.”

ಮಾಡಿದೆ. ಗೆರೆಗಳನ್ನು ನೇರ ಮಾಡಿದೆ, ಬಣ್ಣ ಹಚ್ಚಿದೆ, ಊಟಕ್ಕೆ ಕೂತಾಗ ಅವಳು ಗಿರಾಕಿಗಳನ್ನು ಹೇಗೆ ವರ್ಣಿಸುತ್ತಾಳೋ ಹಾಗೆಯೇ ಹೆಸರಿಟ್ಟೆ: ‘ಮೂರು ಸಲ ಬಿಚ್ಚಿ ಹೊಲಿಸುವವರು’, ‘ಗುಂಡಿ ಕದ್ದಿರೆಂದು ಜಗಳ ತೆಗೆದವರು’, ‘ಸೊಂಟದ ಅಳತೆಗೆ ಉಸಿರು ಬಿಗಿಹಿಡಿಯುವವರು’. ಆಹಾ, ಎಷ್ಟು ಸ್ಪಷ್ಟ!

ಮರೆತದ್ದು ಒಂದೇ. ಸಂದೇಶದಲ್ಲಿ ‘ಪ್ರಿಯ’ ಆದಮೇಲೆ ಡಬ್ಬಿಯ ಹೆಸರೇ ಹೋಗಿ ಕೂರುವಂತೆ ಹಿಂದೊಮ್ಮೆ ನಾನೇ ಮಾಡಿಟ್ಟಿದ್ದೆ. (ಚೀಟಿಯೇ? ಬರೆದಿರಲಿಲ್ಲ.)

ಮರುದಿನ ನಾನೂ ಅಂಗಡಿಯಲ್ಲಿದ್ದಾಗ ಊರಿನ ಶಾಲೆಯ ಹೆಡ್‌ಮಿಸ್ಟ್ರೆಸ್ ಬಂದರು. ಶಾಲೆಯ ಬ್ಯಾಂಡಿಗೆ ಅರವತ್ತು ಕೋಟು ಹೊಲಿಯುವ ಕೆಲಸ ಕೊಡುತ್ತೇನೆ ಎಂದಿದ್ದವರು. ಅದಕ್ಕಾಗಿ ನನ್ನವಳು ಆರು ತಿಂಗಳಿಂದ ಕಾದಿದ್ದಳು. ಮೊಬೈಲ್ ಎತ್ತಿ ಹಿಡಿದು ಗಟ್ಟಿಯಾಗಿ ಓದಿದರು: “ಪ್ರಿಯ ಸೊಂಟದ ಅಳತೆಗೆ ಉಸಿರು ಬಿಗಿಹಿಡಿಯುವವರು, ನಿಮ್ಮ ಬಟ್ಟೆ ಸಿದ್ಧವಾಗಿದೆ.”

ನನ್ನವಳ ಮುಖ ಬಿಳಿಚಿಕೊಂಡಿತು. ನಂಬಿ ಆಡಿದ ಮಾತನ್ನು ಬೀದಿಗೆ ಹಾಕಿದವನು ನಾನು. ನಾಚಿಕೆಯಿಂದ ಭೂಮಿಗಿಳಿದು ಹೋದೆ.

“ತಪ್ಪು ನಂದು ಮೇಡಂ, ಇವಳಿಗೆ ಏನೂ ಗೊತ್ತಿಲ್ಲ” ಎಂದೆ.

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನನ್ನವಳತ್ತ ತಿರುಗಿದರು. “ಇಷ್ಟು ವರ್ಷ ಉಸಿರು ಹಿಡಿದೆ, ಒಬ್ಬರಿಗೂ ಗೊತ್ತಾಗಿರಲಿಲ್ಲ. ನಿನ್ನ ಕಣ್ಣು ಚುರುಕು ಕಣಮ್ಮ, ಕೋಟಿನ ಕೆಲಸ ನಿಂಗೇ. ಆದರೆ ಅರವತ್ತಕ್ಕೂ ಮಕ್ಕಳ ಹೆಸರಿನ ಪಟ್ಟಿ ಇವರೇ ಹೊಲೀಬೇಕು, ಕೈಯಲ್ಲಿ. ಹೆಸರಿಡೋದು ಇವರಿಗೆ ಇಷ್ಟ ತಾನೇ?”

ಹದಿನೇಳನೇ ಕೋಟು ಮಡಿಲಲ್ಲಿಟ್ಟುಕೊಂಡು, ಸೂಜಿ ಚುಚ್ಚಿದ ಬೆರಳು ಚೀಪುತ್ತಾ ಕೂತಿದ್ದಾಗ ನನ್ನ ಮೊಬೈಲ್ ಸದ್ದು ಮಾಡಿತು. ಮೂಲೆಯ ಆ ಡಬ್ಬಿಗೆ ನನ್ನ ನಂಬರ್ ಹಾಕಿ ಗೆರೆ ಎಳೆಯುವುದನ್ನು ನನ್ನವಳು ಕಲಿತುಬಿಟ್ಟಿದ್ದಳು:

“ಪ್ರಿಯ ಯಾಕಿದೆಯೋ ಗೊತ್ತಿಲ್ಲ ಮುಟ್ಟಬೇಡಿ, ನಿಮ್ಮ ಊಟ ಸಿದ್ಧವಾಗಿದೆ.”