ಮಾರ್ಚ್ ಪಾಠವನ್ನು ಜೂನ್‌ಗೆ ಕರೆತಂದ ಅತ್ತೆ

ಪಠ್ಯಪುಸ್ತಕದ ವಿಷಯದಲ್ಲಿ ಸರ್ಕಾರದ ಮಾತೇ ಕೊನೆಯ ಮಾತು ಎಂದು ನೀವು ನಂಬಿದ್ದರೆ, ಪಾಪ, ನೀವಿನ್ನೂ ನಮ್ಮ ಅತ್ತೆಯನ್ನು ನೋಡಿಲ್ಲ! ರಾಜ್ಯದ ಸಮಿತಿ ಕೂತು, ತಜ್ಞರು ತಲೆ ಕೆರೆದುಕೊಂಡು, ಯಾವ ಪಾಠ ಯಾವ ತರಗತಿಗೆ, ಯಾವ ತಿಂಗಳಿಗೆ ಎಷ್ಟು ಎಂದು ಅಳೆದು ಸುರಿದು ಹಂಚಿಕೆ ಮಾಡಿ, ಅಚ್ಚು ಹಾಕಿಸಿ, ಲಾರಿಯಲ್ಲಿ ತುಂಬಿ ದೇವದುರ್ಗಕ್ಕೆ ಕಳಿಸುತ್ತದೆ. ಅಲ್ಲಿಂದ ಜಾಲಹಳ್ಳಿ ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಗೆ ಅದು ಬಂದು ಮುಟ್ಟುತ್ತದೆ. ಅಲ್ಲಿ ಟೀಚರಾಗಿರುವ ನಮ್ಮ ಅತ್ತೆ ಅದನ್ನು ಕೈಗೆ ತೆಗೆದುಕೊಂಡು, ಬೋರಲು ಹಾಕಿ, ಕೊನೆಯ ಪಾಠದಿಂದ ಶುರು ಮಾಡುತ್ತಾಳೆ.

ಪುಸ್ತಕವೊಂದೇ ಅಲ್ಲ. ನಮ್ಮಪ್ಪನ ಈ ತಂಗಿಗೆ ಲೋಕದಲ್ಲಿ ಯಾವುದೂ ಮೊದಲಿನಿಂದ ಶುರುವಾಗುವುದೇ ಇಲ್ಲ. ರಾಯಚೂರಿನ ನಮ್ಮ ಮನೆಗೆ ಬಂದರೆ ಪೇಪರನ್ನು ಕೊನೆಯ ಪುಟದಿಂದ ಹಿಡಿಯುತ್ತಾಳೆ. ನನ್ನ ಹೆಂಡತಿ ಟಿ.ವಿ.ಯಲ್ಲಿ ಸಿನಿಮಾ ಹಚ್ಚಿದರೆ ಸಾಕು, "ಕೊನೀಗೆ ಯಾರು ಸಾಯ್ತಾರ ಹೇಳಿಬಿಡವ್ವ, ಆಮ್ಯಾಲ ಆರಾಮ ಕುಂತು ನೋಡೂಣು" ಎನ್ನುತ್ತಾಳೆ. ಕಾಟ ತಾಳಲಾರದೆ ಹೆಂಡತಿ ಹೇಳಿಯೂ ಬಿಡುತ್ತಾಳೆ. ಅತ್ತೆ ನೆಮ್ಮದಿಯಿಂದ ಕಾಲು ಚಾಚಿ ನೋಡುತ್ತಾಳೆ. ನಮ್ಮ ಸಿನಿಮಾ ಮಾತ್ರ ಅಲ್ಲಿಗೇ ಮುಗಿದಿರುತ್ತದೆ!

ಒಮ್ಮೆ ಮಾನ್ವಿಯಲ್ಲಿ ನೆಂಟರ ಮದುವೆ. ಪಂಕ್ತಿಯಲ್ಲಿ ಕೂತ ಅತ್ತೆ ಬಡಿಸಲು ಬಂದವನನ್ನು ತಡೆದು, "ತಮ್ಮಾ, ನನಗ ಮೊದಲು ಮಜ್ಜಿಗಿ ಅನ್ನ ನೀಡು" ಎಂದಳು. ಹೋಳಿಗೆ ಬುಟ್ಟಿ ಹಿಡಿದಿದ್ದ ಆತ ನಿಂತಲ್ಲೇ ನಿಂತ.

"ಯವ್ವಾ, ಇನ್ನೂ ಉಪ್ಪ ನೀಡಿಲ್ರಿ!"

"ಉಪ್ಪು ಹಿಂದಿಂದ ಬರಲಿ. ನಡುವ ಬಸ್ಸು ಬಂತಂದ್ರ ಮಜ್ಜಿಗಿ ತಪ್ಪಿ ಹೋಗ್ತದ."

ದೇವದುರ್ಗದ ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಆಕೆ ಮಜ್ಜಿಗೆ ಅನ್ನ ಉಂಡು, ಸಾರು ಅನ್ನ ಉಂಡು, ಕೊನೆಗೆ ಹೋಳಿಗೆಗೆ ಬಂದು ತುಪ್ಪ ಸುರಿಸಿಕೊಂಡಳು. ಪಕ್ಕದಲ್ಲಿ ಕ್ರಮಬದ್ಧವಾಗಿ ಹೋಳಿಗೆಯಿಂದ ಶುರು ಮಾಡಿದ್ದ ನಾನು ಮಜ್ಜಿಗೆಗೆ ಜಾಗವಿಲ್ಲದೆ ತೇಗುತ್ತ, ನಮ್ಮಿಬ್ಬರಲ್ಲಿ ಹುಚ್ಚರು ಯಾರು ಎಂದು ಯೋಚಿಸುತ್ತ ಕೂತಿದ್ದೆ.

"ಗಣಿತಾನೂ ಹಿಂದಿಂದಾನ ಕಲಿಸ್ತೀಯೇನತ್ತಿ?" ಎಂದು ಒಮ್ಮೆ ಕೆಣಕಿದೆ.

"ಕೂಡಿಸಾದು ಬರಲಾರದ ಭಾಗಾಕಾರ ಬರ್ತದೇನಲೇ? ನನಗೇನು ಹುಚ್ಚು ಹಿಡದದಂತ ಮಾಡೀಯೇನು?"

ಹಾಗೆ ತಿಳಿದವರು ಊರ ತುಂಬ ಇದ್ದರು! ಹಿಂದುಮುಂದಾಗುವುದು ಕನ್ನಡ ಪುಸ್ತಕ ಮಾತ್ರ, ಅದೂ ಒಂದು ವರ್ಷ ಬಿಟ್ಟು ಒಂದು ವರ್ಷ. ಇನ್ನೊಂದು ಹಟವೂ ಇತ್ತು. ಕತೆ ಶುರು ಮಾಡಿದರೆ ಮುಗಿಯುವ ತನಕ ಮಕ್ಕಳನ್ನು ಬಿಡುವುದಿಲ್ಲ. ಬಿಸಿಯೂಟದ ಅಕ್ಕ ಬಾಗಿಲಲ್ಲಿ ನಿಂತು, "ಟೀಚರ್ರೀ, ಸಾಂಬಾರ ಆರಾಕತ್ತದ್ರೀ!" ಎಂದು ಕೂಗಿಕೊಂಡರೆ, ಅತ್ತೆ ಪುಸ್ತಕದಿಂದ ತಲೆ ಎತ್ತದೆ, "ಸಾಂಬಾರ ಮತ್ತ ಕಾಸಬಹುದು, ಕತಿ ಕಾಸಾಕ ಬರಂಗಿಲ್ಲ" ಎನ್ನುತ್ತಾಳೆ. ಬಿಸಿಯೂಟ ಎಂಬ ಹೆಸರಿಗೆ ಆ ಶಾಲೆಯಲ್ಲಿ ಬೆಲೆಯೇ ಇರಲಿಲ್ಲ.

ಈ ರಾಜ್ಯಭಾರ ಹೀಗೇ ನಡೆಯುತ್ತಿತ್ತೋ ಏನೋ. ಆದರೆ ಒಂದು ಜುಲೈಯಲ್ಲಿ ರಾಯಚೂರಿನಿಂದ ಶಾಲೆ ನೋಡಲು ಒಬ್ಬ ಅಧಿಕಾರಿ ಬಂದರು. ನಾಲ್ಕನೇ ತರಗತಿಯ ಹುಡುಗಿಯೊಬ್ಬಳನ್ನು ಎಬ್ಬಿಸಿ, ಕಲಿತ ಪಾಠ ಹೇಳು ಎಂದರು. ಹುಡುಗಿ ನೀರು ಕುಡಿದ ಹಾಗೆ ಹೇಳತೊಡಗಿದಳು. ಸಾಹೇಬರು ಖುಷಿಯಿಂದ ಪುಸ್ತಕ ತೆರೆದು ಹುಡುಕಿದರು. ಮೊದಲ ಪಾಠ ಅಲ್ಲ, ಎರಡನೆಯದೂ ಅಲ್ಲ. ತಿರುವಿದರು, ತಿರುವಿದರು, ಹಿಂದಿನ ರಟ್ಟು ಕೈಗೆ ಬರುವ ಹೊತ್ತಿಗೆ ಪಾಠ ಸಿಕ್ಕಿತು!

"ಮೇಡಂ, ಇದು ಮಾರ್ಚ್ ತಿಂಗಳದ ಪಾಠ ಅಲ್ಲೇನ್ರಿ?"

"ಹೌದ್ರಿ ಸರ್. ಮಾರ್ಚ್‌ದಾಗ ಈ ಹುಡುಗಿ ಇಲ್ಲಿ ಇರಂಗಿಲ್ರಿ. ಅದಕ್ಕ ಮಾರ್ಚ್‌ನ ಜೂನ್‌ಗೆ ಕರಕೊಂಡು ಬಂದೀನ್ರಿ."

ಮಾತು ನಿಜ. ಆ ಊರಿನಲ್ಲಿ ದೀಪಾವಳಿ ಮುಗಿದದ್ದೇ ತಡ, ಅರ್ಧ ಮನೆಗಳಿಗೆ ಬೀಗ ಬೀಳುತ್ತದೆ. ಗಂಡ, ಹೆಂಡತಿ, ಮಕ್ಕಳು, ಪಾತ್ರೆ ಪಗಡೆ ಎಲ್ಲ ಲಾರಿ ಹತ್ತಿ, ದೊಡ್ಡ ಊರುಗಳಲ್ಲಿ ಕಟ್ಟಡ ಕಟ್ಟಲು ಗುಳೆ ಹೋಗುತ್ತವೆ. ಹಾಗೆ ಹೋಗುವ ಮಕ್ಕಳು ಪ್ರತಿವರ್ಷ ಬಂದು ಪುಸ್ತಕದ ಮುಂದಿನ ಅರ್ಧ ಓದುತ್ತಾರೆ, ಹೋಗುತ್ತಾರೆ. ಒಂದನೇ ತರಗತಿಯಿಂದ ಐದರವರೆಗೆ ಯಾವ ಪುಸ್ತಕದ ಹಿಂದಿನ ಅರ್ಧವನ್ನೂ ಕಾಣದೆ ದೊಡ್ಡವರಾಗಿಬಿಡುತ್ತಾರೆ. ಇದು ಸಮಿತಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಅತ್ತೆಗೆ ಹೊಳೆದಿತ್ತು ನೋಡಿ! ಒಂದು ವರ್ಷ ಮುಂದಿನ ಅರ್ಧ, ಮರುವರ್ಷ ಹಿಂದಿನ ಅರ್ಧ ಎಂದು ಅವಳೇ ಹಂಚಿಕೆ ಮಾಡಿಬಿಟ್ಟಿದ್ದಳು.

ಸಾಹೇಬರು ಹೋದರು, ಹಿಂದೆಯೇ ನೋಟಿಸ್ ಬಂತು. ರಾಜ್ಯ ಗೊತ್ತುಪಡಿಸಿದ ಪಾಠ ಹಂಚಿಕೆ ಮೀರಿದ್ದೇಕೆ, ಕಚೇರಿಗೆ ಬಂದು ಉತ್ತರ ಕೊಡಿ. ಉತ್ತರ ಒಪ್ಪಿಗೆಯಾಗದಿದ್ದರೆ ಶಿಸ್ತುಕ್ರಮ. ಅತ್ತೆ ಹಿಂದಿನ ದಿನವೇ ನಮ್ಮ ಮನೆಗೆ ಬಂದಳು. ಯಾವತ್ತೂ ಎರಡು ರೊಟ್ಟಿ ಹೆಚ್ಚು ಹಾಕಿಸಿಕೊಳ್ಳುವ ಹೆಂಗಸು ಅಂದು ಅರ್ಧ ರೊಟ್ಟಿಗೇ ತಟ್ಟೆ ಸರಿಸಿದಳು.

"ತಪ್ಪಾತ್ರಿ ಸರ್ ಅಂದುಬಿಡತ್ತಿ, ಮುಗದು ಹೋಗ್ತದ" ಎಂದೆ.

"ನನಗ ವರ್ಗ ಮಾಡಿದ್ರ ಮಾಡಲಿ, ಇನ್ನೊಂದು ಸಾಲಿಗೆ ಹೋಗ್ತೀನಿ. ನನ್ನ ಹಿಂದ ಬಂದವರು ಮುಂದಿಂದ ಹಿಡೀತಾರ. ಆ ಕೂಸುಗಳಿಗೆ ಮತ್ತ ಅರ್ಧಾ ಪುಸ್ತಕಾನ ಗತಿ" ಎಂದಳು.

ಮರುದಿನ ಅವಳ ಜೊತೆ ನಾನೂ ಹೋದೆ. ಶಾಲೆಗೆ ಬಂದಿದ್ದ ಅದೇ ಸಾಹೇಬರು. ಮನುಷ್ಯ ಕೆಟ್ಟವರಲ್ಲ, ಆದರೆ ನಿಯಮವನ್ನು ಉಟ್ಟು ಹೊದ್ದವರು.

"ಮೇಡಂ, ಪಾಠ ಹಂಚಿಕಿ ಅಂದ್ರ ಹೋಟೆಲ್ ಮೆನು ಅಲ್ರಿ, ಬೇಕಾದ್ದು ಮೊದಲು ತರಿಸಾಕ. ಇಡೀ ರಾಜ್ಯಕ್ಕ ಒಂದ ನಿಯಮ. ಪರೀಕ್ಷಾ ಬಂದ್ರ ನಿಮ್ಮ ಹುಡುಗರು ಏನು ಬರೀಬೇಕು?"

"ಉಳಿದ ಹುಡುಗರಿಗೆ ಬಿಟ್ಟ ಅರ್ಧಾ ದೀಪಾವಳಿ ಆದಮ್ಯಾಲ ಕಲಿಸ್ತೀನ್ರಿ, ಅವರು ಬರೀತಾರ. ಪರೀಕ್ಷಾಕ್ಕ ಇಲ್ಲದ ಹುಡುಗರ ಮಾತು ನಾ ಹೇಳಾಕತ್ತೀನಿ."

"ಅವರು ಒಂದು ನಾಕು ಪಾಠ ಓದಲಿಲ್ಲಂದ್ರ ಏನು ಮುಳುಗಿ ಹೋಗ್ತದ್ರಿ?"

ಅತ್ತೆ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

"ಸರ್, ನಾನೂ ಗುಳೇ ಹೋದಾಕೀನ ರೀ. ಮೂರನೇ ಕ್ಲಾಸಿನ ಪುಸ್ತಕದಾಗ ಒಂದು ಆಡಿನ ಮರಿ ಕತಿ ಇತ್ತು. ಹೊಳಿ ತುಂಬಿ ಬಂದದ. ಮರಿ ಈ ದಂಡಿಗೆ, ತಾಯಿ ಆ ದಂಡಿಗೆ. ಅಂಬಿಗ ಮರೀನ ಹರಗೋಲದಾಗ ಹಾಕ್ಕೊಂಡು ಹೊಂಟ. ನಡು ಹೊಳ್ಯಾಗ ಹರಗೋಲು ಗಿರಗಿರ ತಿರಗಾಕತ್ತು. ಅಷ್ಟರಾಗ ಗಂಟಿ ಬಾರಿಸಿದ್ರು. ಮಾಸ್ತರು 'ಉಳಿದದ್ದು ನಾಳಿಗೆ' ಅಂದ್ರು. ಮರುದಿನ ನಸಕಿನ್ಯಾಗ ನಮ್ಮನ್ನ ಕರಕೊಂಡು ಹೋಗಾಕ ಲಾರಿ ಬಂತು ರೀ. ಇಟ್ಟಂಗಿ ಹೊರುವಾಗೆಲ್ಲಾ ನನಗ ಅದ ಚಿಂತಿ. ಮರಿ ಏನಾತವ್ವ ಅಂತ ನಮ್ಮವ್ವನ್ನ ಕೇಳ್ತಿದ್ದೆ. ಆಕಿ, 'ನಾನೇನು ಸಾಲಿ ಕಲ್ತೀನೇನು ಯವ್ವಾ, ನನಗೆಲ್ಲಿ ಗೊತ್ತಾಗಬೇಕು' ಅಂತ ನನಗಿಂತ ಹೆಚ್ಚು ಸಂಕಟಪಡ್ತಿದ್ಲು."

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, "ಹಂಚಿಕಿ ಬದಲಿ ಮಾಡೋ ಅಧಿಕಾರ ನನಗಿಲ್ರಿ" ಎಂದರು. "ಆದ್ರ ವರ್ಷದ ಸುರುವಿಗೆ ಸೇತುಬಂಧ ಅಂತ ಅದ, ಮಕ್ಕಳಿಗೆ ತಪ್ಪಿದ್ದನ್ನ ಹೇಳಿಕೊಡಾಕ. ಆಮ್ಯಾಲ ತಪ್ಪೋದನ್ನ ಮೊದಲ ಹೇಳಿಕೊಡಬಾರದು ಅಂತ ಅದರಾಗ ಎಲ್ಲೂ ಬರದಿಲ್ಲ. ಹಂಗ ಉತ್ತರ ಕೊಡ್ರಿ, ನಾ ಒಪ್ಪಿಗಿ ಹಾಕ್ತೀನಿ."

ನಾನು ಕುರ್ಚಿಯಿಂದ ಜಿಗಿಯುವುದೊಂದೇ ಬಾಕಿ! ಅತ್ತೆ ಕೈ ಮುಗಿದು ಎದ್ದಳು. ಇಬ್ಬರೂ ಬಾಗಿಲ ತನಕ ಬಂದಿದ್ದೆವು. ಹಿಂದಿನಿಂದ ಸಾಹೇಬರು ಕರೆದರು.

"ಮೇಡಂ... ಆ ಮರಿ ದಂಡಿ ಮುಟ್ಟಿತೇನ್ರಿ?"

ಅತ್ತೆ ತಿರುಗಿ ನಿಂತಳು. ಅವಳ ಕಣ್ಣಲ್ಲಿ ನೀರು ನಾನು ಕಂಡದ್ದು ಅಂದೇ.

"ಮುಟ್ಟಿತ್ರಿ ಸರ್. ಊರಿಗೆ ತಿರುಗಿ ಬಂದಾಗ ನಾಕನೇ ಕ್ಲಾಸಿಗೆ ಹಾಕಿದ್ರು, ಆ ಪುಸ್ತಕ ಮತ್ತ ಕೈಗೆ ಸಿಗಲಿಲ್ರಿ. ಟೀಚರ್ ಆಗಿ ಸಾಲಿಗೆ ಹೋದ ಮೊದಲನೇ ದಿನ, ಕಪಾಟದಾಗ ಆ ಹಳೇ ಪುಸ್ತಕ ಸಿಕ್ತು, ನಿಂತಲ್ಲೇ ಓದಿದೆ. ದಂಡಿ ಮುಟ್ಟಿ, ತಾಯಿ ಹಾಲು ಕುಡೀತು. ನಮ್ಮವ್ವಗ ಹೇಳೂಣಂದ್ರ, ಅಷ್ಟರಾಗ ಅವ್ವ ಇರಲಿಲ್ರಿ."