ಲಿಫ್ಟ್ ರಿಪೇರಿ ಮಾಡಿಸಿದ್ದರ ವಿರುದ್ಧ ಒಂದು ದೂರು

ಮುಂಬಯಿಯ ನಮ್ಮ ಆಂಟಾಪ್ ಹಿಲ್ ಸೊಸೈಟಿಯ ಗೌರವಾನ್ವಿತ ಸೆಕ್ರೆಟರಿ ಭೀಮರಾಯರ ಸನ್ನಿಧಿಗೆ ಐದನೇ ಮಹಡಿಯ ಸೀತಾರಾಮ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ಮಳೆಗಾಲದುದ್ದಕ್ಕೂ ಕೆಟ್ಟು ನಿಂತಿದ್ದ ಲಿಫ್ಟನ್ನು ತಾವು ನನ್ನನ್ನೊಂದು ಮಾತು ಕೇಳದೆ ರಿಪೇರಿ ಮಾಡಿಸಿ, ನನ್ನ ಆರೋಗ್ಯಕ್ಕೆ ತಂದಿರುವ ಕುತ್ತನ್ನು ಕುರಿತು ಈ ದೂರು.

ಸಕ್ಕರೆ ಕಾಯಿಲೆಗೆ ಮೆಟ್ಟಿಲು ಹತ್ತುವುದೇ ಮದ್ದು ಎಂದು ಡಾಕ್ಟರು ಹೇಳಿದಾಗ ನಾನು ಯುಗಾದಿಯಂದು ದೇವರ ಮುಂದೆಯೇ ಸಂಕಲ್ಪ ಮಾಡಿದ್ದೆ. ಆದರೆ ಸಂಜೆ ಲೋಕಲ್ ರೈಲಿನಲ್ಲಿ ನಿಂತೇ ಬಂದ ಕಾಲುಗಳಿಗೆ ದೇವರಿಗಿಂತ ಲಿಫ್ಟಿನ ಬಾಗಿಲೇ ಮೊದಲು ಕಾಣುತ್ತಿತ್ತು. ಅಷ್ಟರಲ್ಲಿ ತಮ್ಮ ಕೃಪೆಯಿಂದ ಅದು ಕೆಟ್ಟಿತು. ಮೊದಮೊದಲು ಮಹಡಿಗೊಮ್ಮೆ ನಿಂತು, ಏದುಸಿರಿನ ನಡುವೆ ತಮ್ಮ ವಂಶವನ್ನು ಸ್ಮರಿಸುತ್ತಿದ್ದೆನಾದರೂ, ಮೂರನೇ ಮಹಡಿಯ ಹಜರತಬಿಯವರು ಬಾಗಿಲಲ್ಲಿ ಕುರ್ಚಿ ಹಾಕಿ, ಸಕ್ಕರೆಯಿಲ್ಲದ ಚಹಾ ಕೊಟ್ಟು ಉಪಚರಿಸಿದ್ದರಿಂದ ಬದುಕಿದೆ. ಬರುಬರುತ್ತಾ ಕುರ್ಚಿ ಬೇಡವಾಯಿತು, ಚಹಾ ಉಳಿಯಿತು, ಸಕ್ಕರೆ ಇಳಿಯಿತು. ನನ್ನ ಹೆಂಡತಿ ರಂಜನಿ ಮಾಟುಂಗಾದ ನೆಂಟರಿಗೆಲ್ಲ ಫೋನು ಮಾಡಿ, “ನಮ್ಮನೆಯವರ ಸಂಕಲ್ಪ ಅಂದ್ರೆ ಕಲ್ಲು ಕಣ್ರೀ” ಎಂದಳು. ಆ ಕಲ್ಲು ತಮ್ಮ ಕೆಟ್ಟ ಮೋಟಾರು ಎಂದು ನಾನು ತಿದ್ದಲಿಲ್ಲ.

ರಿಪೇರಿಯಾದ ದಿನವೂ ಮೆಟ್ಟಿಲೇ ಎಂದುಕೊಂಡಿದ್ದೆ. ಕೈಚೀಲದಲ್ಲಿ ತೆಂಗಿನಕಾಯಿಗಳಿದ್ದವು, ಭಾರವೆಂದು ಲಿಫ್ಟ್ ಹತ್ತಿದೆ. ಮರುದಿನ ಇದ್ದದ್ದು ಬರೀ ಕೊತ್ತಂಬರಿ ಸೊಪ್ಪು. ಅದೂ ಭಾರವೆನಿಸಿತು.

ಮೊನ್ನೆ ಲಿಫ್ಟಿನಲ್ಲೇ ಹಜರತಬಿಯವರು ಸಿಕ್ಕರು. ಮಂಡಿನೋವಿನಿಂದ ಮೆಟ್ಟಿಲಿಳಿಯಲಾಗದೆ ಮಳೆಗಾಲವಿಡೀ ಮನೆಯಲ್ಲೇ ಕೂತವರು, ಕೊನೆಗೂ ಘಾಟ್ಕೋಪರ್‌ಗೆ ಹೋಗಿ ಮಗಳು ಶಬ್ರೀನಳನ್ನು ನೋಡಿ ಬಂದಿದ್ದರು. “ನಿಮ್ಮ ಹೆಜ್ಜಿ ಸಪ್ಪಳಾ ಕೇಳಿ ಚಾ ಇಡತಿದ್ದೆ ಅಣ್ಣಾರ, ಈಗ ಸಪ್ಪಳನ ಇಲ್ಲ ನೋಡ್ರಿ” ಎಂದರು. ನಾನು ಲಿಫ್ಟಿನ ಗುಂಡಿಗಳನ್ನು ಎಣಿಸುವವನಂತೆ ನಿಂತೆ.

ಆದ್ದರಿಂದ ಲಿಫ್ಟ್ ನಿಲ್ಲಿಸಿ ಎಂದು ಕೇಳಲಾರೆ. ಅದು ಅವರಿಗೆ ಓಡಲಿ, ನನ್ನೊಬ್ಬನಿಗೆ ಕೆಡಲಿ. ಅದಾಗದಿದ್ದರೆ ಐದನೇ ಮಹಡಿಯ ಗುಂಡಿಯನ್ನು ಕಿತ್ತು ತಮ್ಮ ಕಪಾಟಿನಲ್ಲಿಟ್ಟುಕೊಳ್ಳಿ. ಎದುರುಮನೆಯವರ ಒಪ್ಪಿಗೆ ನಾನು ತರುತ್ತೇನೆ. ನನ್ನ ಮನೋಬಲಕ್ಕೆ ಮಾತ್ರ ಬಿಡಬೇಡಿ, ಅದಿನ್ನೂ ನೆಲಮಹಡಿಯಲ್ಲೇ ನಿಂತಿದೆ.

ನಿನ್ನೆ ಸಂಜೆ ಮೆಟ್ಟಿಲು ಹತ್ತಿದ್ದು ನಿಜ. ಸಂಕಲ್ಪದಿಂದಲ್ಲ, ಹಜರತಬಿಯವರು ಒಲೆ ಹಚ್ಚಲೆಂದು ಹೆಜ್ಜೆ ಜೋರಾಗಿ ಇಟ್ಟುಕೊಂಡು ಹೋದೆ. ಚಹಾ ಸಿಕ್ಕಿತು. ಮೂರನೇ ಮಹಡಿಯಿಂದ ಐದಕ್ಕೆ ಲಿಫ್ಟ್.

ಅರ್ಧ ದಾರಿಯವರೆಗಿನ
ತಮ್ಮ ವಿಶ್ವಾಸಿ,
ಸೀತಾರಾಮ

ವಿ.ಸೂ.: “ಆರೋಗ್ಯಕ್ಕಾಗಿ ಮೆಟ್ಟಿಲು ಬಳಸಿ” ಎಂಬ ನೋಟೀಸನ್ನು ತಾವು ಲಿಫ್ಟಿನ ಒಳಗೇ ಅಂಟಿಸಿರುವುದು ಬಹಳ ಅನುಕೂಲವಾಗಿದೆ. ತಾವೂ ಒಂದನೇ ಮಹಡಿಗೆ ಹೋಗುವಾಗ ಅದನ್ನು ತಪ್ಪದೆ ಓದುತ್ತಿರುವುದನ್ನು ಕಂಡು ಸಂತೋಷವಾಯಿತು.