ಮೂರನೇ ಸುತ್ತು ಬಾಕಿ ಉಳಿಸಿದ ಹಡಗಿನವರಿಗೆ

ನಿಸಿಯಾನಿ ಹಡಗು ಕಂಪನಿಯ ಮಾನ್ಯ ನಿರ್ದೇಶಕರೇ,

ತಮಗೂ, ತಮ್ಮ ಕುಟುಂಬಕ್ಕೂ, ಬಂದಾಗ ಬರುವ ತಮ್ಮ 'ಮರ್ಗಿತ್ಸಾ' ಹಡಗಿಗೂ ಲಿಥರಿ ದ್ವೀಪದ ರೊಟ್ಟಿಯಂಗಡಿಯ ಅಸಿಮಿನಾಳ ಅನಂತ ನಮಸ್ಕಾರಗಳು. ಈ ಪತ್ರವನ್ನು ಅದೇ ಹಡಗಿನ ಹೊಟ್ಟೆಯಲ್ಲಿ, ಟೊಮೆಟೊ ಲಾರಿಯ ಪಕ್ಕ, ಮದುವೆಯ ಉಡುಪಿನಲ್ಲೇ ಕುಳಿತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದು ಅಲೆಯ ತಪ್ಪು, ಸಿಟ್ಟಿನದಲ್ಲ.

ನನಗೀಗ ಐವತ್ತೆರಡು. ಎದುರು ದ್ವೀಪದಲ್ಲಿ ಜೇನು ಸಾಕುವ ಪಂಡೆಲಿಸ್‌ನನ್ನು ಮದುವೆಯಾಗಲು ಹೊರಟು ಎರಡು ವರ್ಷವಾಯಿತು. ಮೂರು ಸಲ ದಿನ ಗೊತ್ತಾಯಿತು. ಮೂರು ಸಲವೂ ತಮ್ಮ ಹಡಗು ಗಾಳಿಯ ನೆಪ ಹೇಳಿ, ನಮ್ಮ ಬಂದರುಕಟ್ಟೆಯ ಮುಂದೆ ನಿಧಾನಿಸಿ, ಕೈಬೀಸುತ್ತಿದ್ದ ಮದುಮಗನನ್ನು ತೋರಿಸಿ ಮುಂದಕ್ಕೊಯ್ದಿತು. ವರನನ್ನು ದೂರದಿಂದಲೇ ನೋಡಬೇಕೆಂಬ ತಮ್ಮ ಮಡಿವಂತಿಕೆಯನ್ನು ನಮ್ಮಜ್ಜಿ ಇದ್ದಿದ್ದರೆ ಬಾಯ್ತುಂಬ ಹೊಗಳುತ್ತಿದ್ದರು. ಮದುವೆಯೂಟಕ್ಕೆ ಸುಟ್ಟ ಕುರಿಯನ್ನಂತೂ ಊರವರು ಮೂರು ಸಲವೂ ವರನಿಲ್ಲದೆಯೇ ತಿಂದು ಕೈತೊಳೆದರು.

ನಾಲ್ಕನೇ ಸಲ, ಕಳೆದ ಭಾನುವಾರ, ತಾವು ಲಾರಿಗಳು ಇಳಿಯುವ ಹಿಂಬಾಗಿಲನ್ನು ಕಟ್ಟೆಯ ಮೇಲೆ ಇಳಿಸಿಯೇಬಿಟ್ಟಿರಿ. ಆದರೆ ಬಾಗಿಲು ಅಲೆಗೆ ಏರಿಳಿಯುತ್ತಿದ್ದುದರಿಂದ ಎಂಬತ್ತಾರರ ನನ್ನ ಭಾವೀ ಅತ್ತೆ ಇಳಿಯಲೊಲ್ಲರು. ಅಮ್ಮನನ್ನು ಬಿಟ್ಟು ಮಗ ಇಳಿಯಲೊಲ್ಲ. ನಮ್ಮ ಪಾದ್ರಿ ಸ್ತ್ರಾತಿಸ್ ಅವರು, "ಅವರು ಇಳೀದಿದ್ರೆ ನಾವೇ ಹತ್ತೋಣ ಬಾರವ್ವ, ಈ ಹಡಗನ್ನ ನಂಬ್ಕೊಂಡ್ರೆ ನಿನ್ನ ಮದುವೆ ಸ್ವರ್ಗದಲ್ಲೇ" ಎಂದು ಪುಸ್ತಕ, ಮೇಜು, ಮದುವೆಯ ಕಿರೀಟಗಳ ಸಮೇತ ಹತ್ತಿದರು. ತಲೆಗೆ ಕಿರೀಟ ಬಂತು. ಇನ್ನು ಮೇಜಿನ ಸುತ್ತ ಮೂರು ಸುತ್ತು ಬಂದರೆ ಮುಗಿಯಿತು. ಎರಡಾಗುತ್ತಿದ್ದಂತೆ ತಾವು ಹಡಗು ಹೊರಡುವ ಸಿಳ್ಳೆ ಹಾಕಿಸಿದಿರಿ. "ಅಯ್ಯೋ, ಆಡಿನ ಹಾಲು ಕರೆಯೋದಿದೆ" ಎಂದು ಪಾದ್ರಿಗಳು ಕಟ್ಟೆಗೆ ಹಾರಿದರು, ನಮ್ಮ ಜೊತೆ ಸುತ್ತು ಬರುತ್ತಿದ್ದ ಸಾಕ್ಷಿದಾರನೂ ಅವರ ಹಿಂದೆಯೇ ಹಾರಿದ, ಬಾಗಿಲು ಮೇಲೆದ್ದಿತು.

ಯಾವ ಕಟ್ಟೆಗೂ ತಾಗದೆ ಅಲೆಯುತ್ತಿರುವ ತಮ್ಮ ಹಡಗಿನಲ್ಲಿ ಆರು ದಿನಗಳಿಂದ ನಾನು ಮೂರರಲ್ಲಿ ಎರಡು ಪಾಲು ಹೆಂಡತಿ. ಅತ್ತೆಯ ತೀರ್ಪಿನಂತೆ ಪಂಡೆಲಿಸ್ ಲಾರಿಯ ಆಚೆ, ನಾನು ಈಚೆ, ನಡುವೆ ಅತ್ತೆ. "ಇನ್ನೂ ಒಂದು ಸುತ್ತು ಬಾಕಿ ಇದೆ ಕಣೇ, ಕಾಲ ಮಿಂಚಿಲ್ಲ, ಯೋಚ್ನೆ ಮಾಡ್ಕೋ" ಎಂದು ದಿನಾ ಕಾಫಿ ಕೊಡುತ್ತಾ ಹೇಳುತ್ತಾರೆ. ಯೋಚಿಸಿದೆ, ಮಾನ್ಯರೇ. ನನಗೆ ಅವನೇ ಬೇಕು.

ಆದಕಾರಣ ತಾವು ದಯವಿಟ್ಟು ಗಾಳಿಯನ್ನು ಕಚೇರಿಗೆ ಕರೆಸಿ ಬುದ್ಧಿ ಹೇಳಬೇಕು. ಅದಾಗದಿದ್ದರೆ ಲಿಥರಿ ದ್ವೀಪವನ್ನೇ ಹಗ್ಗ ಕಟ್ಟಿ ಹಡಗಿನ ಹಿಂದೆ ಎಳೆದುಕೊಂಡು ತಿರುಗಬೇಕು. ಅದೂ ಆಗದಿದ್ದರೆ ಮೂರನೇ ಸುತ್ತಿನ ಹದಿನಾಲ್ಕು ಹೆಜ್ಜೆ ನಡೆಯುವಷ್ಟು ಹೊತ್ತು ಬಾಗಿಲು ಎತ್ತದಿರಬೇಕು.

ಸದ್ಯಕ್ಕೆ ಎರಡು ಪಾಲು ಮಾತ್ರ ತಮ್ಮ ವಿಶ್ವಾಸಿ,
ಅಸಿಮಿನಾ

ತಾ.ಕ.: ಇದೀಗ ಲಿಥರಿ ಬಂತು. ಕಟ್ಟೆಗೆ ತಾಗಲಾಗದೆ ತಮ್ಮ ಕಪ್ತಾನರು ದ್ವೀಪಕ್ಕೇ ಒಂದು ಸುತ್ತು ಹಾಕಿದರು. ನಾವಿಬ್ಬರೂ ಕಿರೀಟ ಇಟ್ಟುಕೊಂಡು ಕೈಹಿಡಿದು ನಿಂತೆವು. ಕಟ್ಟೆಯ ಮೇಲೆ ಪಾದ್ರಿಗಳು ಪುಸ್ತಕ ಬಿಚ್ಚಿ ಹಾಡಿದರು, ಊರವರು ಗಾಳಿಗೆ ಅಕ್ಕಿ ತೂರಿದರು, "ಮೂರಾಯ್ತು, ಮುಗೀತು" ಎಂದು ಪಾದ್ರಿಗಳು ಧ್ವನಿವರ್ಧಕದಲ್ಲಿ ಸಾರಿಯೂ ಆಯಿತು. ಅತ್ತೆ ನಮ್ಮಿಬ್ಬರನ್ನೂ ಈಚೆ ಬಿಟ್ಟು, ಎದ್ದು ಲಾರಿಯ ಆಚೆ ಬದಿಗೆ ಹೋಗಿ ಕೂತರು. ದೂರನ್ನು ಹಿಂತೆಗೆದುಕೊಂಡಿದ್ದೇನೆ. ಆದರೆ ನಮ್ಮಲ್ಲಿ ವಧೂವರರ ಕೊನೆಯ ಸುತ್ತಿಗೆ ಜೊತೆಯಾದವರು ಒಡಹುಟ್ಟಿದವರಿಗೆ ಸಮ. ಅಲ್ಲಿಗೆ ತಮ್ಮ ಕಂಪನಿ ಇಂದಿನಿಂದ ನಮ್ಮ ನೆಂಟ. ಇನ್ನು ನೆಂಟರ ಮನೆ ಮುಂದೆ ನಿಲ್ಲದೆ ಹೋಗಿ, ನೋಡೋಣ.